ವಾರ ತುಂಬದ ಗೋಡೆ

ಮಕ್ಕಳೇ, ನೀವು ಉಂಡ ಮುದ್ದೆ-ಸಾರು ಸಣ್ಣ ಕರುಳಿಗೆ ಇಳಿಯಿತು ಅನ್ನಿ. ಆ ಕರುಳಿನ ಒಳಹೊದಿಕೆ ಎಷ್ಟು ದಪ್ಪ ಗೊತ್ತೇ? ಒಂದೇ ಒಂದು ಜೀವಕೋಶದಷ್ಟು!

ಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿದರೆ ಸಾಲದು, ಸಂದನ್ನೂ ಮುಚ್ಚಬೇಕು. ಇಲ್ಲದಿದ್ದರೆ ರೋಗಾಣು ಒಳಕ್ಕೆ ನುಗ್ಗೀತು, ಮೈಯ ನೀರು ಹೊರಕ್ಕೆ ಸೋರೀತು. ಸಂದು ಮುಚ್ಚುವ ಮುಖ್ಯ ಪ್ರೋಟೀನು ಕ್ಲಾಡಿನ್. ಅಕ್ಕಪಕ್ಕದ ಕೋಶಗಳ ಕ್ಲಾಡಿನ್‌ಗಳು ಜಿಪ್ಪಿನ ಹಲ್ಲುಗಳಂತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. 1998ರಲ್ಲಿ ಇದನ್ನು ಗುರುತಿಸಿದ್ದು ಜಪಾನಿನ ಕ್ಯೋಟೋದ ಶೊಯಿಚಿರೊ ತ್ಸುಕಿತ ಅವರ ತಂಡ. ಚರ್ಮದಲ್ಲೂ ಇದೇ ಕಾವಲು. ಕ್ಲಾಡಿನ್-1 ಇಲ್ಲದೆ ಹುಟ್ಟಿದ ಇಲಿಮರಿಗಳ ಮೈಯಿಂದ ನೀರು ಆರಿಹೋಗಿ, ಅವು ಒಂದು ದಿನವೂ ಬದುಕಲಿಲ್ಲ.

ಕರುಳಿನ ಸಣ್ಣ ಕುಳಿಗಳಲ್ಲಿ ಹುಟ್ಟುವ ಎಳೆಯ ಕೋಶ ಬಲಿಯುತ್ತಾ ಮೇಲೇರುತ್ತದೆ. ಬಲಿತಂತೆ ಅದರ ಕ್ಲಾಡಿನ್‌ಗಳ ಬಗೆಯೂ ಬದಲಾಗುತ್ತದೆ. ನಾಲ್ಕೈದು ದಿನಕ್ಕೆ ತುದಿ ಮುಟ್ಟಿ ಉದುರುತ್ತದೆ. ಗೋಡೆಯಲ್ಲಿ ತೂತು ಬೀಳುವುದಿಲ್ಲವೇ? ಇಲ್ಲ! ಹಿರಿಯ ಕೋಶ ಜಾಗ ಬಿಡುತ್ತಿರುವಾಗಲೇ ನೆರೆಯ ಕೋಶಗಳು ಅದರ ಕೆಳಗೆ ಒತ್ತಿ ಬಂದು ಹೊಸ ಬೆಸುಗೆ ಹಾಕಿಕೊಳ್ಳುತ್ತವೆ.

ಈಗ ಅಜ್ಜನ ವಯಸ್ಸು ಕೇಳಿ. ಎಂಬತ್ತೇ? ಅವರ ಕರುಳಿನ ಈ ಗೋಡೆಯ ಬಹುಪಾಲು ಕೋಶಗಳಿಗೆ ಇನ್ನೂ ವಾರವೂ ತುಂಬಿಲ್ಲ!