ಎಲೆಗೆ ಮುಚ್ಚಳ, ಬೇರಿಗೆ ಕುದಿ

ಭೋರ್‌ಗೆ ಹೊಸದಾಗಿ ಬರುವ ಕನ್ನಡಿಗರು ಚಳಿಗಾಲದಲ್ಲಿ ತರಕಾರಿ ತರಲು ಹೋದಾಗ ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟಿರುವ ಉದ್ದನೆಯ ಹುಲ್ಲಿನ ಕಂತೆ ನೋಡಿ ಒಂದು ಕ್ಷಣ ನಿಲ್ಲುತ್ತಾರೆ. ದನಕ್ಕೆ ಹಾಕುವುದಿರಬೇಕು ಎಂದುಕೊಳ್ಳುವವರೂ ಇದ್ದಾರೆ. ಅದು ಗವತಿ ಚಹಾ. ಮರಾಠಿಯಲ್ಲಿ ಗವತ ಎಂದರೆ ಹುಲ್ಲು; ನಾಟಿ ಎಂಬರ್ಥದ ‘ಗಾವಠಿ’ ಬೇರೆ, ಇದು ಬೇರೆ. ನಮ್ಮ ಕಡೆ ಇದನ್ನೇ ಮಜ್ಜಿಗೆ ಹುಲ್ಲು ಅಂತಲೋ ನಿಂಬೆ ಹುಲ್ಲು ಅಂತಲೋ ಕರೆಯುತ್ತೇವೆ. ಅವರು ಚಹಾಕ್ಕೆ ಹಾಕಿದರು, ನಾವು ಮಜ್ಜಿಗೆಗೆ ಹಾಕಿದೆವು. ಹುಲ್ಲು ಮಾತ್ರ ಒಂದೇ.

ಪುಣೆಯಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರು ಬಂದರೆ ನಮ್ಮ ಊರು. ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನು ಕಾಪೂರಹೋಳದಲ್ಲಿ ಬಿಟ್ಟು ಒಳಗೆ ತಿರುಗಬೇಕು. ಒಂದು ಕಡೆ ಭಾಟಘರ್ ಅಣೆಕಟ್ಟಿನ ನೀರು, ಇನ್ನೊಂದು ಕಡೆ ನೀರಾ ದೇವಘರ್, ಎದುರಿಗೆ ವರಂಧಾ ಘಾಟು. ಹೀಗಿರುವಾಗ ಡಿಸೆಂಬರಿನ ಬೆಳಗು ಹೇಗಿರುತ್ತದೆ ಎಂದು ಹಿಂಜವಡಿ, ಖರಾಡಿಯ ಫ್ಲ್ಯಾಟುಗಳಲ್ಲಿರುವ ನಮ್ಮ ಓದುಗರು ಊಹಿಸಿಕೊಳ್ಳಬಹುದು. ಎಂಟು ಗಂಟೆಯ ಸ್ಟ್ಯಾಂಡ್‌ಅಪ್ ಕಾಲಿಗೆ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ. ಕೈಯಲ್ಲಿ ಬಿಸಿ ಲೋಟ ಇರಲೇಬೇಕು. ಲೋಟದೊಳಗೆ ಏನಿರಬೇಕು ಎನ್ನುವುದು ಈ ಸಲದ ಅಂಕಣ.

ಕಷಾಯ ಅಂದಕೂಡಲೇ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಅರ್ಧ ಗಂಟೆ ಕುದಿಸುವ ರೂಢಿ ಹಲವು ಮನೆಗಳಲ್ಲಿದೆ. ತುಳಸಿ, ಶುಂಠಿ, ಚಕ್ಕೆ, ಹುಲ್ಲು, ಮೆಣಸು ಎಲ್ಲಕ್ಕೂ ಒಂದೇ ಶಿಕ್ಷೆ. ಹಳೆಯ ಆಯುರ್ವೇದದವರು ಹೀಗೆ ಮಾಡುತ್ತಿರಲಿಲ್ಲ. ಶಾರ್ಙ್ಗಧರ ಸಂಹಿತೆ ಕಷಾಯವನ್ನು ಐದು ಬಗೆ ಮಾಡುತ್ತದೆ: ಹಿಂಡಿದ ರಸ, ಅರೆದ ಕಲ್ಕ, ಕುದಿಸಿ ಬತ್ತಿಸಿದ ಕ್ವಾಥ, ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದ ಹಿಮ, ಬಿಸಿನೀರು ಸುರಿದು ಸೋಸಿದ ಫಾಂಟ. ನಮ್ಮ ಅಡುಗೆಮನೆಗೆ ಬೇಕಾದವು ಇವುಗಳಲ್ಲಿ ಎರಡೇ, ಕ್ವಾಥ ಮತ್ತು ಫಾಂಟ. ಬೇರು, ತೊಗಟೆ, ಕಾಳು ಕುದಿಯಬೇಕು. ಎಲೆ, ಹೂವು ಕುದಿಯಬಾರದು, ನೆನೆಯಬೇಕು.

ಕಾರಣ ಸರಳ. ಗವತಿ ಚಹಾದ ಪರಿಮಳ ಸಿಟ್ರಾಲ್ ಎಂಬ ಎಣ್ಣೆಯದು, ತುಳಸಿಯದು ಬಹುಪಾಲು ಯುಜೆನಾಲ್. ಎರಡೂ ಆವಿಯ ಜೊತೆ ಹಾರಿಹೋಗುವಂಥವು. ತೆರೆದ ಪಾತ್ರೆಯಲ್ಲಿ ತುಳಸಿ ಕೊತಕೊತ ಕುದಿಯುವಾಗ ಮನೆಯೆಲ್ಲ ಘಮ್ಮೆನ್ನುತ್ತದಲ್ಲ, ಆ ಘಮ ಲೋಟಕ್ಕೆ ಬರಬೇಕಾದದ್ದು. ಅತಿಥಿಗಳಿಗೆ ಸಂತೋಷ, ಕುಡಿಯುವವರಿಗೆ ನಷ್ಟ. ಹಾಗಾಗಿ ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಕತ್ತರಿಯಿಂದ ಚಿಕ್ಕದಾಗಿ ತುಂಡರಿಸಿದ ನಾಲ್ಕು ಎಸಳು ಹುಲ್ಲು ಹಾಕಿ, ತಟ್ಟೆ ಮುಚ್ಚಿ ಏಳೆಂಟು ನಿಮಿಷ ಬಿಡಿ. ಮುಚ್ಚಳದ ಒಳಗೆ ನಿಂತ ಹನಿಗಳನ್ನೂ ಲೋಟಕ್ಕೇ ಬಗ್ಗಿಸಿ. ದೊಡ್ಡಪತ್ರೆಗೂ ಇದೇ ನಿಯಮ, ಆದರೆ ಒಂದು ಲೋಟಕ್ಕೆ ಎರಡು ಎಲೆ ಸಾಕು. ನಾಲ್ಕಾದರೆ ಓಮದ ಘಾಟು ಮೂಗಿಗೆ ಹತ್ತುತ್ತದೆ.

ಶುಂಠಿಯ ಲೆಕ್ಕ ಬೇರೆ. ಸಾತಾರಾ ಕಡೆಯಿಂದ ಬರುವ ಹಸಿಶುಂಠಿ ನಮಗಿಲ್ಲಿ ಧಾರಾಳ. ಜಜ್ಜಿ ತಣ್ಣೀರಿಗೆ ಹಾಕಿ, ಕುದಿ ಬಂದಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಬೇಕು. ಹಸಿಶುಂಠಿಯ ಖಾರ ಜಿಂಜರಾಲ್ ಎಂಬ ವಸ್ತುವಿನದು. ಅದು ಒಣಗಿದಾಗ, ಕಾದಾಗ ಒಂದಿಷ್ಟು ಭಾಗ ಶೋಗಾಲ್ ಆಗುತ್ತದೆ, ಅದರ ಖಾರ ಇನ್ನೂ ಹೆಚ್ಚು. ಒಣಶುಂಠಿ ಚೂರೇ ಹಾಕಿದರೂ ಗಂಟಲಲ್ಲಿ ಕಾವೇಳುವುದು ಇದರಿಂದ. ಈ ಕಾವು ಎಂದರೇನು? ನಮ್ಮ ನರಗಳ ತುದಿಯಲ್ಲಿ ಸುಡುಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಮೆಣಸಿನಕಾಯಿಯ ಖಾರ ಅದನ್ನು ತಟ್ಟುವ ಬಗೆಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಶುಂಠಿ, ಕಾಳುಮೆಣಸು ತಟ್ಟುವುದೂ ಇದೇ ಬಾಗಿಲನ್ನು. ಬಿಸಿ ಮುಟ್ಟಿತು ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ, ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ಹಿತವಾದ ಸುದ್ದಿಯೇ, ಆದರೆ ಸ್ವೆಟರ್‌ ಕೆಲಸವನ್ನು ಅದು ಮಾಡುವುದಿಲ್ಲ.

ಹಾಲು ಹಾಕುವವರಿಗೆ ಒಂದು ಮಾತು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದು ಸಾಯುತ್ತದೆ, ಆಮೇಲೆ ಹಾಲು ಹಾಕಿದರೆ ಒಡೆಯುವುದಿಲ್ಲ. ಬೆಲ್ಲವನ್ನೂ ಕುದಿಯುವ ಹಾಲಿಗೆ ಹಾಕಬೇಡಿ, ಒಲೆಯಿಂದ ಇಳಿಸಿದ ಮೇಲೆ ಕರಗಿಸಿ.

ಇಷ್ಟು ದಿನ ನಮ್ಮ ಮನೆಯಲ್ಲಿ ಇದೆಲ್ಲ ನನ್ನ ಖಾತೆ. ನವೆಂಬರಿನಲ್ಲಿ ಶಿರಸಿಯಿಂದ ಆಯಿ ಬಂದಮೇಲೆ ಖಾತೆ ಬದಲಾಯಿತು. (ನಾವು ಹವ್ಯಕರು ಅಮ್ಮನನ್ನು ಆಯಿ ಅನ್ನುತ್ತೇವೆ. ಮರಾಠಿಯಲ್ಲೂ ಆಯಿಯೇ. ಹಾಗಾಗಿ ಬಂದ ಮೂರನೇ ದಿನಕ್ಕೆ ಅವಳು ಇಡೀ ಬಿಲ್ಡಿಂಗಿಗೆ ಆಯಿ ಆಗಿಬಿಟ್ಟಳು.) ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಒಂದು ಹಾರ್ಲಿಕ್ಸ್ ಬಾಟಲಿಯ ತುಂಬ ಕಷಾಯದ ಪುಡಿ. ಡಿಸೆಂಬರ್ ಮುಗಿಯುವುದರೊಳಗೆ ಖಾಲಿಯಾಯಿತು, ಇಲ್ಲಿಯೇ ಮಾಡಿದೆವು. ಅಳತೆ ಇದು: ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಕಾಲು ಲೋಟ ಬಡೇಸೋಪು, ಎರಡು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತ್ಯ, ಬೆರಳುದ್ದದ ಒಣಶುಂಠಿ, ನಾಲ್ಕು ಏಲಕ್ಕಿ. ಇಲ್ಲಿಯ ಅಂಗಡಿಯಲ್ಲಿ ಧನೆ, ಜಿರೆ, ಬಡೀಶೇಪ್, ಮಿರೆ, ಮೇಥಿ, ಸುಂಠ್, ವೇಲಚಿ ಎಂದು ಕೇಳಿ. ಶುಂಠಿಯನ್ನು ಮೊದಲೇ ಕುಟ್ಟಿಟ್ಟುಕೊಳ್ಳಿ, ಇಡಿಯಾಗಿ ಹಾಕಿದರೆ ಮಿಕ್ಸರಿನ ಬ್ಲೇಡು ಉಳಿಯುವುದಿಲ್ಲ. ಕಾಳುಗಳನ್ನು ಬೇರೆ ಬೇರೆಯಾಗಿ, ಕೈಗೆ ಬಿಸಿ ತಾಗುವಷ್ಟೇ ಹುರಿಯಬೇಕು. ಮೆಂತ್ಯ ಕೆಂಪಾದರೆ ಇಡೀ ಪುಡಿ ಕಹಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಐದು ನಿಮಿಷ ಕುದಿ, ಆಮೇಲೆ ಹಾಲು, ಕೊನೆಗೆ ಬೆಲ್ಲ.

ಈ ಪುಡಿಯನ್ನು ನಾನು ಮೆಚ್ಚುವುದಕ್ಕೆ ಊರಿನ ಅಭಿಮಾನ ಮಾತ್ರ ಕಾರಣವಲ್ಲ. ಇದರಲ್ಲಿರುವುದೆಲ್ಲ ನಾವು ದಿನವೂ ಸಾರಿಗೆ, ಹುಳಿಗೆ ಹಾಕುವ ಸಾಮಾನು. ದೊಡ್ಡವರು, ಮಕ್ಕಳು, ಮಾತ್ರೆ ನುಂಗುವವರು ಎಲ್ಲರೂ ವರ್ಷಾನುಗಟ್ಟಲೆ ತಿಂದು ಅರಗಿಸಿಕೊಂಡದ್ದು. ಅಂಗಡಿಯ ‘ಹರ್ಬಲ್ ಟೀ’ ಪೊಟ್ಟಣಗಳಿಗೆ ಈ ಮಾತು ಹೇಳಲಾಗದು.

ಜನವರಿಯ ಮೊದಲ ವಾರ ಆಯಿಗೆ ಸ್ವಲ್ಪ ಕೆಮ್ಮು ಬಂತು. ಎದುರು ಮನೆಯ ಕಾಕು ಕೇಳಿಸಿಕೊಂಡು ಸಂಜೆಯೇ ಒಂದು ಡಬ್ಬಿ ತಂದುಕೊಟ್ಟರು. “ಆಯಿ, ಹಾ ಕಾಢಾ ಘ್ಯಾ, ದಿನಕ್ಕೆ ಮೂರು ಸಲ,” ಎಂದರು, ಅರ್ಧ ಮರಾಠಿ, ಅರ್ಧ ನಮ್ಮಿಂದ ಕಲಿತ ಕನ್ನಡ. ಅವರು ಹೋದಮೇಲೆ ಆಯಿ ಕನ್ನಡಕ ಹಾಕಿಕೊಂಡು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ ನನಗೆ ಕೊಟ್ಟಳು. “ತಮಾ, ಇದ್ರಲ್ಲಿ ಎಂತೆಂತ ಹಾಕಿದ್ದ ನೋಡು.” ಹನ್ನೊಂದು ಸಾಮಾನಿತ್ತು. ತುಳಸಿ, ಶುಂಠಿ, ಹಿಪ್ಪಲಿ ಸರಿ. ಮೊದಲ ಸಾಲಿನಲ್ಲೇ ಜ್ಯೇಷ್ಠಮಧು, ನಂತರ ಗುಳವೇಲ್, ಅಂದರೆ ಅಮೃತಬಳ್ಳಿ.

ಆಯಿಗೆ ಹನ್ನೆರಡು ವರ್ಷದಿಂದ ಬಿಪಿ. ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಜ್ಯೇಷ್ಠಮಧುವಿನ ಸಿಹಿ ಗ್ಲಿಸಿರೈಝಿನ್‌ದು. ಅದು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅವಳ ಮಾತ್ರೆಯೂ ಪೊಟ್ಯಾಸಿಯಂ ಇಳಿಸುವ ಜಾತಿಯದೇ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಗಂಟಲು ಕೆರೆದಾಗ ಎಂದೋ ಒಂದು ದಿನ ಚೂರು ಬೇರು ಚೀಪುವುದು ಬೇರೆ; ದಿನಕ್ಕೆ ಮೂರು ಲೋಟ, ವಾರಗಟ್ಟಲೆ ಕುಡಿಯುವುದು ಬೇರೆ. ಮಾರನೆಯ ದಿನ ಅವಳ ಡಾಕ್ಟರಿಗೆ ಫೋನ್ ಮಾಡಿದೆ. “ಬೇಡ, ನಿಮ್ಮ ಕೊತ್ತಂಬರಿ ಕಷಾಯವೇ ಇರಲಿ,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಅಮೃತಬಳ್ಳಿಯ ಕಥೆ ಇನ್ನೂ ಗೊಂದಲದ್ದು. 2020ರಲ್ಲಿ ಕೋವಿಡ್ ಬಂದಾಗ ಅರ್ಧ ದೇಶ ಅದರ ರಸ ಕುಡಿಯಿತು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸಿದ್ದ ಆರು ಜನರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದೇ ಬಗೆಯ ಹೃದಯಾಕಾರದ ಎಲೆಯಿರುವ ಬೇರೊಂದು ಬಳ್ಳಿ ಬೆರೆತಿರಬಹುದು ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಅಂಥ 43 ಜನರ ವಿವರ ಪ್ರಕಟಿಸಿದರು. ಹಲವರಲ್ಲಿ ಕಂಡದ್ದು ದೇಹ ತನ್ನ ಯಕೃತ್ತಿನ ಮೇಲೆ ತಾನೇ ದಾಳಿ ಮಾಡುವಂಥ ಉರಿಯೂತ. ವಾದ ಏನೇ ಇರಲಿ, ನನ್ನ ನಿಲುವು ಇಷ್ಟು: ಡಬ್ಬಿಯಲ್ಲಿರುವುದು ಯಾವ ಬಳ್ಳಿ ಎಂದು ನನಗೆ ಗುರುತಿಸಲು ಬಾರದಿದ್ದರೆ ಅದು ನಮ್ಮ ಮನೆಯ ಒಲೆ ಹತ್ತುವುದಿಲ್ಲ. ಥೈರಾಯ್ಡ್, ಸಂಧಿವಾತ, ಯಕೃತ್ತಿನ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಅದೇ ಆಯುಷ್ ಸಚಿವಾಲಯ 2020ರ ಏಪ್ರಿಲ್‌ನಲ್ಲಿ ಸೂಚಿಸಿದ ಕ್ವಾಥ ಮಾತ್ರ ಅಚ್ಚುಕಟ್ಟಾಗಿತ್ತು: ತುಳಸಿ 4 ಪಾಲು, ದಾಲ್ಚಿನ್ನಿ 2, ಒಣಶುಂಠಿ 2, ಕಾಳುಮೆಣಸು 1. ಮೂರು ಗ್ರಾಂ ಪುಡಿಗೆ 150 ಮಿಲಿಲೀಟರ್ ಕುದಿನೀರು, ದಿನಕ್ಕೆ ಒಂದೆರಡು ಸಲ. ಜನ ಅದನ್ನು ದಿನಕ್ಕೆ ಆರು ಸಲ ಕುಡಿದು ಎದೆಯುರಿ ಎಂದು ಒದ್ದಾಡಿದ್ದು ಸಚಿವಾಲಯದ ತಪ್ಪಲ್ಲ. ದಾಲ್ಚಿನ್ನಿ ಕೊಳ್ಳುವಾಗ ಮಾತ್ರ ಕಣ್ಣಿರಲಿ. ಕಿರಾಣಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ದಪ್ಪ, ಗಟ್ಟಿ, ಒಂದೇ ಪದರದ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಹೆಚ್ಚು, ದಿನವೂ ಚಮಚಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿಗೆ ಒಳ್ಳೆಯದಲ್ಲ. ನಿಜವಾದ ದಾಲ್ಚಿನ್ನಿ ಕಾಗದದಂಥ ತೆಳು ಪದರಗಳು ಬೀಡಿಯಂತೆ ಸುತ್ತಿಕೊಂಡಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬೆಲೆ ಜಾಸ್ತಿ. ಹಾಗೆಯೇ ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ ಯಾವುದನ್ನೂ ಕೊಡಬೇಡಿ, ಅಜ್ಜಿಯರು ಎಷ್ಟೇ ಒತ್ತಾಯಿಸಿದರೂ.

ಕಾಕುವಿಗೆ ಡಬ್ಬಿ ಹಿಂತಿರುಗಿಸುವುದು ಹೇಗೆ ಎಂಬುದೇ ದೊಡ್ಡ ಸಮಸ್ಯೆಯಾಗಿತ್ತು. ಆಯಿ ಅದನ್ನು ತನ್ನ ರೀತಿಯಲ್ಲಿ ಪರಿಹರಿಸಿದಳು. ಡಬ್ಬಿಯ ಜೊತೆ ಒಂದು ಪೊಟ್ಟಣ ಕಷಾಯದ ಪುಡಿ ಇಟ್ಟುಕೊಂಡು ಹೋಗಿ, ಬಿಪಿ ಇರುವವರಿಗೆ ಜ್ಯೇಷ್ಠಮಧು ಆಗದಂತೆ ಎಂದು ಕೈಸನ್ನೆ, ಕನ್ನಡ, ಮರಾಠಿ ಎಲ್ಲ ಬಳಸಿ ವಿವರಿಸಿ ಬಂದಳು. ಕಾಕುವಿನ ಯಜಮಾನರಿಗೂ ಬಿಪಿ ಇದೆ ಎಂದು ತಿಳಿದದ್ದು ಆಗಲೇ. ಅವರು ಎರಡು ತಿಂಗಳಿಂದ ಅದನ್ನೇ ಕುಡಿಯುತ್ತಿದ್ದರು. ಕಾಕು ಆ ವಾರವೇ ಅವರನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಸಿಯಂ ಕೆಳಗಿತ್ತು. ಕಾಢಾ ನಿಲ್ಲಿಸಿ ಮೂರು ವಾರಕ್ಕೆ ಸರಿಹೋಯಿತು.

ಆಯಿಯ ಕೆಮ್ಮು ಐದೇ ದಿನಕ್ಕೆ ಹೋಯಿತು. ನಮ್ಮ ಹಾಲಿನವರದ್ದು ಹೋಗಿರಲಿಲ್ಲ. ರಾಯರೇಶ್ವರದ ಬುಡದ ಊರಿನಿಂದ ಬೈಕಿನಲ್ಲಿ ಹಾಲು ತರುವವರು. ದೀಪಾವಳಿಯಿಂದ ಕೆಮ್ಮುತ್ತಿದ್ದರು, “ಥಂಡಿ ಆಹೆ” ಅನ್ನುತ್ತಿದ್ದರು, ಮನೆಯಲ್ಲಿ ಅಡುಳಸಾ ಕಾಢಾ ನಡೆಯುತ್ತಿತ್ತು. ಅಡುಳಸಾ ಅಂದರೆ ನಮ್ಮ ಆಡುಸೋಗೆ. ಕಫಕ್ಕೆ ಹೆಸರಾದ ಸೊಪ್ಪು, ಅದರ ಮೇಲೆ ನನ್ನದೇನೂ ತಕರಾರಿಲ್ಲ. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎನ್ನುವುದು ನಮ್ಮ ದೇಶದ ಕ್ಷಯರೋಗ ಕಾರ್ಯಕ್ರಮದ ನಿಯಮ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಆಯಿ ಅವರ ಕುತ್ತಿಗೆಯ ಮೂಳೆ ಎದ್ದು ಕಾಣುವುದನ್ನು ಗಮನಿಸಿ, ಹೋಗಿ ತೋರಿಸಿ ಎಂದು ದಿನಾ ಪೀಡಿಸಿದಳು. ನಾನು ಒಂದು ಶನಿವಾರ ಬೈಕಿನ ಹಿಂದೆ ಕೂತು ಜೊತೆಗೆ ಹೋದೆ. ಟಿಬಿಯೇ ಆಗಿತ್ತು. ಆರು ತಿಂಗಳ ಮಾತ್ರೆ, ಮನೆಯವರಿಗೆಲ್ಲ ಪರೀಕ್ಷೆ.

ಮಾತ್ರೆಯ ಕೋರ್ಸು ಜುಲೈಯಲ್ಲಿ ಮುಗಿದಿದೆ. ಮೈ ತುಂಬಿಕೊಂಡಿದ್ದಾರೆ. ಈ ವರ್ಷವೂ ನವೆಂಬರಿಗೆ ಬಂದಿರುವ ಆಯಿ, ಬೆಳಗ್ಗೆ ಅವರು ಕ್ಯಾನು ಇಳಿಸುವ ಹೊತ್ತಿಗೆ ಒಂದು ಸ್ಟೀಲ್ ಲೋಟ ಕಷಾಯ ಕೈಗೆ ಕೊಡುತ್ತಾಳೆ. ಅವರು ಸಕ್ಕರೆ ಕೇಳುತ್ತಾರೆ, ಅವಳು ಬೆಲ್ಲವನ್ನೇ ಹಾಕುತ್ತಾಳೆ.