ಎತ್ತು ಮಗುವಿನ ಕೈಯಲ್ಲಿಯೇ ಮೂಡಲಿ

ಮೇ ತಿಂಗಳ ಕೊನೆಗೆ ಶಾಲೆಗಳ ಬಾಗಿಲು ತೆರೆಯುತ್ತದೆ. ಹೊಸ ಪಾಟಿಚೀಲ, ಹೊಸ ಪುಸ್ತಕಗಳ ಸಂಭ್ರಮ ಇಳಿಯುವಷ್ಟರಲ್ಲಿ ಕಾರಹುಣ್ಣಿಮೆ ಬರುತ್ತದೆ. ಅದಾಗಿ ಹದಿನೈದು ದಿನಗಳಿಗೆ, ಜ್ಯೇಷ್ಠ ಮಾಸದ ಕೊನೆಯ ದಿನ, ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದ ಒಕ್ಕಲುತನದ ಮನೆಗಳಲ್ಲಿ ಅಂದು ಒಂದು ಜೋಡಿ ಎತ್ತು, ಅವುಗಳ ಮುಂದೊಂದು ಗೋದಲಿ ಮಣ್ಣಿನಲ್ಲಿ ರೂಪುಗೊಂಡು ಪೂಜೆಗೊಳ್ಳುತ್ತವೆ. ಇದು ಭೂಮಿಯನ್ನೂ ದುಡಿಯುವ ಎತ್ತನ್ನೂ ನೆನೆಯುವ ಹಬ್ಬವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಎಳೆಯ ಮಕ್ಕಳ ವಿದ್ಯಾಭ್ಯಾಸಕ್ಕೂ ಇದು ಹಬ್ಬವೇ ಎಂಬುದನ್ನು ಈ ತಿಂಗಳು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಇಂದು ಸಂತೆಪೇಟೆಗಳಲ್ಲಿ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳು ಸಾಲುಗಟ್ಟಿ ಕುಳಿತಿರುತ್ತವೆ. ಹಿರಿಯರು ಕೊಂಡು ತರುತ್ತಾರೆ, ಜಗುಲಿಯ ಮೇಲೆ ಇಡುತ್ತಾರೆ. ಮಗು ದೂರ ನಿಂತು ನೋಡುತ್ತದೆ. ಬಟ್ಟೆ ಹೊಲಸಾಗುತ್ತದೆ, ಓದುವ ವೇಳೆ ಹಾಳಾಗುತ್ತದೆ ಎಂಬುದು ತಾಯಂದಿರು ನಮಗೆ ಕೊಡುವ ಕಾರಣ. ಒಂದನೆಯ ತರಗತಿಯ ಬಾಲಕನೊಬ್ಬ ಹಿತ್ತಲಿನ ಮಣ್ಣಿನಿಂದ ತಾನೇ ಮಾಡಿದ ಎತ್ತನ್ನು ಎದೆಗವಚಿಕೊಂಡು ಬಂದಾಗ, “ಇದಕ್ಕೆ ಮೋರೆಯೇ ಇಲ್ಲ, ಪೂಜೆಗೆ ಹೇಗೆ ಇಡುವುದು?” ಎಂದು ಮನೆಯವರು ಅದನ್ನು ಬದಿಗಿಟ್ಟುದನ್ನು ನಾವು ಕಂಡಿದ್ದೇವೆ. ಅಂಗಡಿಯ ಎತ್ತಿನ ಮುಂದೆ ದೀಪ ಬೆಳಗಿತು. ಆ ಬಾಲಕ ಆರತಿಯ ವೇಳೆಗೆ ಒಳಗೆ ಬರಲೇ ಇಲ್ಲ. ಆ ಮನೆಗೆ ಉಳಿದ ವೇಳೆ ಎಷ್ಟು? ಕಳೆದುಹೋದುದು ಎಷ್ಟು? ಗೃಹಸ್ಥರು ತೂಗಿ ನೋಡಬೇಕು.

ಎಳೆಯ ಕೈಯ ಸ್ಥಿತಿಯನ್ನು ಮೊದಲು ತಿಳಿಯೋಣ. ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮಗು ಹುಟ್ಟಿದಾಗ ಅವು ಮೆತ್ತಗಿನ ಮೃದ್ವಸ್ಥಿಯಾಗಿಯೇ ಇದ್ದು, ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಗೊಳ್ಳುತ್ತ ಹೋಗುತ್ತವೆ. ಆರು ವರ್ಷದ ಮಗುವಿನಲ್ಲಿ ಆ ಕೆಲಸ ಇನ್ನೂ ಮುಗಿದಿರುವುದಿಲ್ಲ. ಇಂಥ ಕೈಗೆ ಪೆನ್ಸಿಲು ಹಿಡಿಸಿ ಪುಟಗಟ್ಟಲೆ ಬರೆಸುವುದಕ್ಕಿಂತ ಮುಂಚೆ ಹಿಸುಕುವ, ಉರುಳಿಸುವ, ಚಿವುಟುವ, ತೀಡುವ ಅಭ್ಯಾಸ ಬೇಕು. ಮಣ್ಣಿನ ಮುದ್ದೆ ಅದೆಲ್ಲವನ್ನೂ ಆಟದಲ್ಲಿಯೇ ಮಾಡಿಸುತ್ತದೆ. ಕೋಡನ್ನು ಚಿವುಟಿ ಚೂಪು ಮಾಡುವ ಹೆಬ್ಬೆರಳು, ತೋರುಬೆರಳುಗಳೇ ನಾಳೆ ಅಕ್ಷರವನ್ನು ತಿದ್ದುವ ಬೆರಳುಗಳು.

ಇಂದ್ರಿಯಗಳ ಮೂಲಕ ಕಲಿಸುವ ಈ ಮಾರ್ಗವನ್ನು ಶಿಕ್ಷಣವೇತ್ತರು ಬಹಳ ಹಿಂದೆಯೇ ಎತ್ತಿ ಹಿಡಿದಿದ್ದಾರೆ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದು, ಒರಟು ಮತ್ತು ನುಣುಪು ಹಲಗೆಗಳನ್ನೂ, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನೂ ಮಕ್ಕಳ ಬೆರಳಿಗೆ ಒದಗಿಸಿದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ಕಾರಣದಿಂದ 1946ರವರೆಗೆ ನಮ್ಮ ದೇಶದಲ್ಲಿಯೇ ಉಳಿದು, ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಅದಕ್ಕೂ ಮೊದಲೇ, 1920ರಲ್ಲಿ, ವಕೀಲಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ‘ನಲಿಕಲಿ’ಯೂ ಚಟುವಟಿಕೆಯ ಮೂಲಕವೇ ಕಲಿಸುವ ಕ್ರಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷಗಳವರೆಗಿನ ವಯಸ್ಸನ್ನು ಬುನಾದಿಯ ಹಂತವೆಂದು ಕರೆದು, ಆಟಕ್ಕೂ ಕಲೆ-ಕುಶಲತೆಗೂ ಅಲ್ಲಿ ಸ್ಥಾನ ಕೊಟ್ಟಿದೆ. ಇಷ್ಟು ದೊಡ್ಡ ಮಾತುಗಳ ಸಾರವೆಲ್ಲ ನಮ್ಮ ಹಿತ್ತಲಿನ ಒಂದು ಬುಟ್ಟಿ ಮಣ್ಣಿನಲ್ಲಿದೆ.

ಇದನ್ನು ಮನೆಯಲ್ಲಿ ನಡೆಸುವ ಕ್ರಮ ಸರಳವಾದುದು. ಹಬ್ಬಕ್ಕೆ ನಾಲ್ಕೈದು ದಿನ ಮುಂಚಿತವಾಗಿ ಎರೆಮಣ್ಣು, ಮಸಾರಿ ಮಣ್ಣು, ಮರಳು ಇವನ್ನು ಮೂರು ಬಟ್ಟಲುಗಳಲ್ಲಿ ಇಡಿರಿ. ಮಗು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಮುಟ್ಟಿ, ಯಾವುದು ಯಾವುದೆಂದು ಹೇಳಲಿ. ಬಳಿಕ ನೀರು ಚಿಮುಕಿಸಿ ವಾಸನೆ ನೋಡಲಿ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಎಳೆ ಮಾಡಲಿ. ಎರೆಮಣ್ಣು ಉದ್ದಕ್ಕೆ ಎಳೆಯಾಗುತ್ತದೆ, ಮರಳು ಉದುರಿಹೋಗುತ್ತದೆ. ಒಂದು ಹಿಡಿ ಹೊಲದ ಮಣ್ಣನ್ನು ಗಾಜಿನ ಸೀಸೆಯ ನೀರಿನಲ್ಲಿ ಕಲಕಿ ಇಟ್ಟರೆ, ಮರಳು ಮೊದಲು ತಳ ಸೇರಿ ಜಿಗುಟಿನ ಅಂಶ ಬಹಳ ಹೊತ್ತು ನೀರಿನಲ್ಲಿಯೇ ತೇಲುತ್ತದೆ. ಮುಂದೆ ವಿಜ್ಞಾನದ ಪುಸ್ತಕದಲ್ಲಿ ಬರುವ ಪಾಠವನ್ನು ಮಗು ಇಂದೇ ಕಣ್ಣಾರೆ ಕಂಡಂತಾಯಿತು.

ಎರೆಮಣ್ಣು ನೀರುಂಡಾಗ ಉಬ್ಬುತ್ತದೆ, ಆರುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದ ಬಿರುಕುಗಳೇ ಇದಕ್ಕೆ ಸಾಕ್ಷಿ. ಆದುದರಿಂದ ಮಣ್ಣನ್ನು ಸಾಣಿಸಿ, ಗಾಜಿನ ಚೂರು, ಮುಳ್ಳುಗಳನ್ನು ಹಿರಿಯರು ಆರಿಸಿ ತೆಗೆದು, ಸ್ವಲ್ಪ ನುಣ್ಣನೆಯ ಮರಳು ಬೆರೆಸಿ, ಒಂದು ರಾತ್ರಿ ನೆನೆಯಿಡಬೇಕು. ಮರುದಿನ ರೊಟ್ಟಿಯ ಹಿಟ್ಟಿನಂತೆ ಮಗುವೇ ನಾದಲಿ. ಮೊದಲು ಮೈ, ಬಳಿಕ ಕಾಲು, ಹಿಣಿಲು, ಕೋಡು, ಗಂಗೆದೊಗಲು. ಬಿಡಿ ಭಾಗಗಳನ್ನು ಕೂಡಿಸುವಲ್ಲಿ ಕಡ್ಡಿಯಿಂದ ಗೀರಿ, ತೆಳುವಾದ ಕೆಸರು ಹಚ್ಚಿ ಒತ್ತಿದರೆ ಕಳಚಿ ಬೀಳುವುದಿಲ್ಲ. ದಪ್ಪ ಮುದ್ದೆಯ ಹೊರಮೈ ಬೇಗ ಆರಿ ಒಳಗು ಹಸಿಯಾಗಿಯೇ ಉಳಿಯುವುದರಿಂದ ಬಿಸಿಲಿಗಿಡದೆ ನೆರಳಿನಲ್ಲಿ ಆರಿಸಬೇಕು. ಹಿಣಿಲು ಎಷ್ಟು ಎತ್ತರವೆಂಬುದು ನೆನಪಾಗದಿದ್ದರೆ, ಮಗುವನ್ನು ಎತ್ತಿರುವ ಮನೆಗೆ ಕರೆದೊಯ್ಯಿರಿ. ದೂರದಿಂದಲಾದರೂ ನಿಜವಾದ ಎತ್ತನ್ನು ನೋಡಿ ಬಂದ ಮಗುವಿನ ಕೈಯಲ್ಲಿ ಎರಡನೆಯ ಎತ್ತು ಬೇರೆಯೇ ಆಗಿರುತ್ತದೆ.

ಬಣ್ಣಕ್ಕೆ ಜಾಜು, ಅರಿಷಿಣಗಳೇ ಸಾಕು. ಅರಿಷಿಣಕ್ಕೆ ತುಸು ಸುಣ್ಣ ತಗಲಿದೊಡನೆ ಕೆಂಪಾಗುವುದನ್ನು ತೋರಿಸಿರಿ. ಆದರೆ ಸುಣ್ಣವನ್ನು ಹಿರಿಯರೇ ಮುಟ್ಟಬೇಕು, ಅದು ಕಣ್ಣಿಗೆ ಅಪಾಯಕಾರಿ. ಎತ್ತಿನ ಕಣ್ಣಿಗೆ ಕೆಲವರು ಗುಲಗಂಜಿ ಇಡುವುದುಂಟು. ಆ ಬೀಜವನ್ನು ಅಗಿದು ನುಂಗಿದರೆ ಪ್ರಾಣಾಪಾಯವಿದೆ; ಮಕ್ಕಳಿರುವಲ್ಲಿ ಅದು ಬೇಡವೇ ಬೇಡ. ಜೋಳದ ಎರಡು ಕಾಳು ಸಾಕು. ಕೆಲಸ ಮುಗಿದ ಮೇಲೆ ಉಗುರಿನ ಸಂದಿಯವರೆಗೂ ಸಾಬೂನಿನಿಂದ ಕೈ ತೊಳೆಯಿಸುವುದನ್ನು ಮರೆಯಬಾರದು.

ಇನ್ನು ಹಿರಿಯರಿಗೆ ಒಂದು ಕಿವಿಮಾತು. ಮಗು ಮಾಡಿದುದನ್ನು ತಿದ್ದಲು ಕೈಹಾಕಬೇಡಿರಿ. ಕೇಳಿದರೆ ಹೇಳಿಕೊಡಿರಿ, ಕೇಳದಿದ್ದರೆ ಸುಮ್ಮನೆ ಬದಿಗೆ ಕುಳಿತು ನಿಮ್ಮದೊಂದು ಎತ್ತನ್ನು ಮಾಡಿರಿ. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವೂ ಬೇಡ. ಆಷಾಢದ ಗುಳ್ಳವ್ವನನ್ನು ಹುಡುಗನೂ, ಎತ್ತನ್ನು ಹುಡುಗಿಯೂ ಮಾಡಲಿ. ಕೆಲವು ಊರುಗಳಲ್ಲಿ ಹಬ್ಬದ ಮರುದಿನ ಮಕ್ಕಳು ಕಾಲು ಮುರಿದ ಎತ್ತನ್ನು ಹಿಡಿದು, ಹಾಡುತ್ತ ಮನೆಮನೆಗೆ ಹೋಗಿ ಕಾಳು ಕೂಡಿಸುವ ರೂಢಿಯಿದೆ. ಕುಂಟೆತ್ತಿಗೂ ಊರು ಕಾಳು ನೀಡುತ್ತದೆ. ಓರೆಕೋರೆಯಾದ ಎತ್ತಿಗೆ ನಮ್ಮ ಮನೆಯ ಜಗುಲಿಯ ಮೇಲೆ ಸ್ಥಳವಿಲ್ಲವೆನ್ನುವುದು ತರವೇ?

ಪೂಜೆಯಾದ ನಂತರ ಎತ್ತನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟು, ಅದು ಕರಗುವುದನ್ನು ಮಗು ನೋಡಲಿ. ಆ ಕೆಸರು ನೀರನ್ನು ಗಿಡದ ಬುಡಕ್ಕೆ ಸುರಿಯಲಿ. ಈ ವರ್ಷದ ಅಮಾವಾಸ್ಯೆಗೆ ಪೇಟೆಯಿಂದ ಎತ್ತು ತರುವ ಹಣದಲ್ಲಿ ಮಗುವಿಗೊಂದು ಹಳೆಯ ಅಂಗಿಯನ್ನು ಹಾಳುಮಾಡಿಕೊಳ್ಳಲು ಬಿಡಿರಿ. ಅಂಗಿಯ ಕಲೆ ಒಗೆದರೆ ಹೋಗುತ್ತದೆ. ಬೆರಳು ಕಲಿತುದು ಹೋಗುವುದಿಲ್ಲ.