ಅರ್ಧಕ್ಕೆ ನಿಂತ ದೋಣಿಗೆ ಎಂಜಿನ್ ಬೇಕೆ?

ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿರುವ ನಮ್ಮ ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಹದಿನಾಲ್ಕು ಅಡಿ ಉದ್ದದ ಮರದ ದೋಣಿಯೊಂದು ಅರ್ಧಕ್ಕೆ ನಿಂತಿದೆ. ಅಡಿಮರ ಕೂತಿದೆ, ಪಕ್ಕೆಮರಗಳು ಎದ್ದಿವೆ, ತಳದ ಹಲಗೆಗಳ ಕೆಲಸ ಮುಗಿದಿದೆ. ಮೇಲಿನ ಸಾಲಿನ ಹಲಗೆಗಳು ಗೋಡೆಗೆ ಒರಗಿಕೊಂಡಿವೆ. ಕಟ್ಟಲು ಆರಂಭಿಸಿದ ಭಾವ ಇಂದು ನಮ್ಮೊಡನಿಲ್ಲ. ಅದನ್ನು ಸೌದೆಗೆ ಕೊಡುವುದೋ, ಮಾರುವುದೋ, ಪೂರ್ತಿ ಮಾಡುವುದೋ ಎಂಬ ಚರ್ಚೆ ಮನೆಯೊಳಗೆ ಮುಗಿಯದೆ ಉಳಿದಿದೆ. ದೋಣಿಯನ್ನು ಪೂರ್ತಿ ಮಾಡಲೇಬೇಕು, ಆದರೆ ಅದಕ್ಕೆ ಪೆಟ್ರೋಲ್ ಎಂಜಿನ್ ಕೂಡಿಸಬಾರದು ಎಂಬುದು ನನ್ನ ನಿಲುವು. ಒಂದು ಮನೆಯ ವಿಚಾರವನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ದೋಣಿ ಇಳಿಯಲಿರುವ ನೀರನ್ನು ಊರೂರುಗಳ ಜನ ಕುಡಿಯುತ್ತಾರೆ.

ಚಿತ್ರದುರ್ಗ ಸೀಮೆಯಲ್ಲಿ ದೋಣಿಯ ಮಾತೆತ್ತಿದರೆ ನಗುವ ಕಾಲವೊಂದಿತ್ತು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹಳ್ಳಗಳು ಸೇರಿ ವೇದಾವತಿಯಾಗುತ್ತವೆ. ಆ ನದಿಗೆ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟೆಯೇ ವಾಣಿವಿಲಾಸ ಸಾಗರ. ಸುಮಾರು 30 ಟಿಎಂಸಿ ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು ಎಂಬತ್ತೊಂಬತ್ತು ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. 2019ರಿಂದ ಭದ್ರೆಯ ನೀರು ಇತ್ತ ಹರಿದುಬಂದುದು ಮತ್ತು ಆ ವರ್ಷದ ಭಾರಿ ಮಳೆ ಎರಡೂ ಅದಕ್ಕೆ ಕಾರಣ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಹಿರಿಯೂರಿನವರು ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಹಿನ್ನೀರಿನ ತುದಿಯಲ್ಲಿದ್ದ ಹೊಸದುರ್ಗದ ರೈತರ ತೋಟ, ದಾರಿಗಳು ಮುಳುಗಿದವು. ನಮ್ಮ ಅಕ್ಕನ ತೆಂಗಿನ ತೋಟಕ್ಕೆ ಹೋಗುತ್ತಿದ್ದ ಬಂಡಿಜಾಡೂ ನೀರೊಳಗಾಯಿತು. ಸುತ್ತಿ ಹೋದರೆ ಒಂಬತ್ತು ಕಿಲೋಮೀಟರು, ನೀರ ಮೇಲೆ ಹೋದರೆ ಒಂದು ಕಿಲೋಮೀಟರು. ದೋಣಿಯ ಹುಟ್ಟಿಗೆ ಕಾರಣ ಇದೇ ಹೊರತು ಮೋಜಲ್ಲ.

ಭಾವ ಹರೆಯದಲ್ಲಿ ಗಂಗೊಳ್ಳಿಯ ಕಡೆ ದೋಣಿ ಕಟ್ಟುವವರ ಕೈಕೆಳಗೆ ದುಡಿದವರು. ಮಲೆನಾಡಿನಲ್ಲಿ ಕೆಡವಿದ ಹಳೆಯ ಮನೆಯೊಂದರ ಹೆಬ್ಬಲಸಿನ ತೊಲೆಗಳನ್ನು ಕೊಂಡು ತಂದು ಹಲಗೆ ಸೀಳಿಸಿದರು. ಪಕ್ಕೆಮರಗಳಿಗೆ ಹೊಳಲ್ಕೆರೆ ಕಡೆಯ ಕರಿಜಾಲಿಯ ಬಾಗಿದ ಕೊಂಬೆಗಳನ್ನು ಆರಿಸಿದರು. ಬಾಗಿಯೇ ಬೆಳೆದ ಮರದ ಎಳೆ ತುಂಡಾಗದೆ ಬಾಗಿನುದ್ದಕ್ಕೂ ಓಡುವುದರಿಂದ ಅದು ಕೊರೆದು ಬಾಗಿಸಿದ ಮರಕ್ಕಿಂತ ಗಟ್ಟಿ. ಗುಜರಾತಿನ ಮಾಂಡವಿಯಲ್ಲಿ ದೊಡ್ಡ ಹಡಗುಗಳನ್ನು ಕಟ್ಟುವವರೂ ಜಾಲಿಯನ್ನು ಇದೇ ಕೆಲಸಕ್ಕೆ ಬಳಸುತ್ತಾರೆ. ಹೆಬ್ಬಲಸು ಪಶ್ಚಿಮಘಟ್ಟದ ಮರ. ಅದು ಒಮ್ಮೆ ಕಾಡಿನಿಂದ ಮನೆಗೆ ಬಂತು, ಮನೆಯಿಂದ ದೋಣಿಗೆ ಬಂತು. ಈಗ ಅದನ್ನು ಒಲೆಗೆ ಹಾಕಿದರೆ ಒಂದು ಮರವನ್ನು ಎರಡನೆಯ ಬಾರಿ ಕಡಿದಂತೆ. ಕಾಡಿನ ಪರವಾಗಿ ಮಾತನಾಡುವ ನಾವು ಕಡಿದಾದ ಮರದ ಆಯುಷ್ಯದ ಬಗೆಗೂ ಮಾತನಾಡಬೇಕಲ್ಲವೆ?

ಪೂರ್ತಿ ಮಾಡುವ ಕೆಲಸ ಕಷ್ಟದ್ದೇನಲ್ಲ, ಅವಸರದ್ದೂ ಅಲ್ಲ. ನಮ್ಮ ಒಣಗಾಳಿಗೆ ಹಲಗೆ ಕುಗ್ಗುತ್ತದೆ, ಸಂದು ಬಿಡುತ್ತದೆ. ಬಿಟ್ಟ ಸಂದನ್ನು ಕಂಡು ಗಾಬರಿಯಾಗಿ ಹತ್ತಿಯ ಎಳೆಯನ್ನು ಬಲವಾಗಿ ಬಡಿದು ತುಂಬಿದರೆ, ದೋಣಿ ನೀರಿಗಿಳಿದು ಹಲಗೆ ಉಬ್ಬಿದಾಗ ಮೊಳೆಗಳೇ ಕಿತ್ತುಬರುತ್ತವೆ. ಬೇಸಗೆಯಲ್ಲಿ ಒದ್ದೆ ಗೋಣಿ ಹೊದಿಸಿಡಬೇಕು, ಮರಕ್ಕೆ ಅಗಸೆ ಎಣ್ಣೆ ಕುಡಿಸಬೇಕು, ಸಂದನ್ನು ಹದವಾಗಿ ತುಂಬಬೇಕು. ಬರಿಯ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುವುದರಿಂದ ತಾಮ್ರದ ಮೊಳೆಯನ್ನೇ ಬಳಸಬೇಕು. ಮೊದಲ ಎರಡು ಮೂರು ದಿನ ದೋಣಿಯೊಳಗೆ ನೀರು ಬರುವುದು ಸಹಜ. ಹಲಗೆ ನೀರು ಕುಡಿದು ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ. ಊರಿನ ಬಡಗಿಯೊಬ್ಬರು ಜೊತೆಗೆ ನಿಂತರೆ ಈ ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ.

ತಕರಾರು ಇರುವುದು ಎಂಜಿನ್ನಿನ ವಿಷಯದಲ್ಲಿ. ಅಕ್ಕನ ಮಗ ಹಳೆಯ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಒಂದನ್ನು ಅಗ್ಗಕ್ಕೆ ನೋಡಿಟ್ಟಿದ್ದಾನೆ. "ಮಾವ, ಹುಟ್ಟು ಹಾಕೋ ದೋಣೀಲಿ ತೆಂಗಿನಕಾಯಿ ಸಾಗಿಸಬಹುದು, ಹೊಟ್ಟೆ ತುಂಬಲ್ಲ. ಅಣೆಕಟ್ಟು ನೋಡಕ್ಕೆ ಬರೋರು ಜೋರಾಗಿ ಹೋಗೋ ದೋಣಿಗೆ ದುಡ್ಡು ಕೊಡ್ತಾರೆ" ಎನ್ನುತ್ತಾನೆ. ತೋಟ ಕಳೆದುಕೊಂಡ ಮನೆಯ ಹುಡುಗನ ಮಾತನ್ನು ಪರಿಸರದ ಹೆಸರಿನಲ್ಲಿ ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಆದ್ದರಿಂದ ಅವನೆದುರು ಕುಳಿತು ಲೆಕ್ಕವನ್ನೇ ಮಾಡಿದೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ಹದಿನಾಲ್ಕು ಅಡಿಯ ದೋಣಿಗೆ ಅದು ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರು. ಅದನ್ನು ಮೀರಬೇಕಾದರೆ ದೋಣಿ ನೀರಿನ ಮೇಲೆ ಎದ್ದು ಜಾರಬೇಕು. ಅದಕ್ಕೆ ಶಕ್ತಿ ಹಲವು ಪಟ್ಟು ಬೇಕು, ದೋಣಿಯ ತಳವೂ ಬೇರೆ ಆಕಾರದ್ದಾಗಿರಬೇಕು. ಭಾವ ಕಟ್ಟಿದ ತಳ ಅಂಥದ್ದಲ್ಲ. ಗಂಟೆಗೆ ಐದಾರು ಕಿಲೋಮೀಟರು ಸಾಕೆಂದರೆ ಒಂದು ಕುದುರೆಶಕ್ತಿಗೂ ಕಡಿಮೆ ಸಾಕು. ತೋಟಕ್ಕೆ ಹತ್ತು ಹನ್ನೆರಡು ನಿಮಿಷದ ದಾರಿ. ಬ್ಯಾಟರಿಯಿಂದ ನಡೆಯುವ ಸಣ್ಣ ಮೋಟಾರು ಅಷ್ಟನ್ನು ಸದ್ದಿಲ್ಲದೆ ಮಾಡುತ್ತದೆ, ಬ್ಯಾಟರಿ ಮುಗಿದರೆ ಹುಟ್ಟು ಇದ್ದೇ ಇದೆ. ಕೇರಳದ ವೈಕಂನಲ್ಲಿ ಎಪ್ಪತ್ತೈದು ಜನರನ್ನು ಹೊರುವ 'ಆದಿತ್ಯ' ಎಂಬ ಸೌರದೋಣಿ 2017ರಲ್ಲೇ ಸಂಚಾರ ಆರಂಭಿಸಿತು.

ಹಳೆಯ ಮಾದರಿಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಾದರೋ ಇಂಧನದ ಕಾಲು ಭಾಗದಷ್ಟು ಉರಿಯದೆಯೇ ಎಣ್ಣೆಯೊಂದಿಗೆ ಹೊರಬೀಳುತ್ತದೆ. ನಾಲ್ಕು ಲೀಟರು ಸುರಿದರೆ ಹೆಚ್ಚುಕಡಿಮೆ ಒಂದು ಲೀಟರು ವ್ಯರ್ಥ. ಅದು ಸೇರುವುದು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರಿಗೆ. ಅಮೆರಿಕದ ಟಾಹೋ ಸರೋವರದಲ್ಲಿ ಇಂಥ ಎಂಜಿನ್ನುಗಳನ್ನು 1999ರಲ್ಲೇ ನಿಷೇಧಿಸಿದರು. ಒಂದು ದೋಣಿಯಿಂದ 30 ಟಿಎಂಸಿ ನೀರು ಕೆಡುವುದೆ ಎಂದು ಕೇಳಬಹುದು. ಕೆಡುವುದಿಲ್ಲ. ಆದರೆ ಮೊದಲನೆಯ ದೋಣಿಯನ್ನು ಕಂಡು ಹತ್ತನೆಯದು ಬರುತ್ತದೆ. ಹತ್ತನೆಯವನನ್ನು ತಡೆಯುವ ನೈತಿಕ ಹಕ್ಕು ಮೊದಲನೆಯವನಿಗೆ ಇರುವುದಿಲ್ಲ. ಹರಿಗೋಲಿನಲ್ಲಿ ಬಲೆ ಬಿಟ್ಟು ಬದುಕುವ ಮೀನುಗಾರರ ಬಲೆಗಳ ಗತಿಯನ್ನೂ ನೆನೆಯಬೇಕು.

ವಿದ್ಯುತ್ತು ಪರಿಶುದ್ಧವೆಂದು ನಾನು ವಾದಿಸುತ್ತಿಲ್ಲ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳಿಗಾಗಿ ಗುಡ್ಡದ ನೆತ್ತಿಗೆ ರಸ್ತೆ ಕೊರೆದುದನ್ನು ಈ ಜಿಲ್ಲೆಯವರು ಕಂಡಿದ್ದಾರೆ. ಬ್ಯಾಟರಿಯೂ ಮುಂದೊಂದು ದಿನ ಕಸವೇ. ಅದಕ್ಕೇ ಮೊದಲು ಬೇಕಾದುದು ಕಡಿಮೆ ಶಕ್ತಿಯಲ್ಲಿ ಸಾಗುವ ದೋಣಿ. ಯಾವ ಶಕ್ತಿ ಎಂಬ ಪ್ರಶ್ನೆ ಆಮೇಲಿನದು.

ಜನರನ್ನು ಹತ್ತಿಸಿಕೊಳ್ಳುವುದಾದರೆ ಇನ್ನೂ ಒಂದು ಮಾತಿದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದ ದೋಣಿ ಅದು. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣೆಯೂ ನೋಂದಣಿಯೂ ಆಗಬೇಕು. ಜಲಾಶಯಕ್ಕೆ ಇಳಿಸಲು ನೀರಾವರಿ ಇಲಾಖೆಯ ಅನುಮತಿ ಬೇಕು. ಹತ್ತಿದವರಿಗೆಲ್ಲ ಜೀವರಕ್ಷಕ ಅಂಗಿ ಇರಬೇಕು. ಇವು ಕಿರುಕುಳವಲ್ಲ, ದೋಣಿ ಕಟ್ಟುವ ಕೆಲಸದ ಕೊನೆಯ ಹಲಗೆಗಳು.

ಅಕ್ಕನ ಮಗ ಪೂರ್ತಿ ಒಪ್ಪಿಲ್ಲ. ಎಂಜಿನ್ ಕೊಳ್ಳುವುದನ್ನು ಮುಂದಿನ ಯುಗಾದಿಯವರೆಗೆ ತಡೆಹಿಡಿದಿದ್ದಾನೆ, ಅಷ್ಟೇ. ಅಷ್ಟರೊಳಗೆ ಅವನಿಗೆ ಹುಟ್ಟಿನ ದೋಣಿಯಿಂದಲೂ ಸಂಪಾದನೆ ಉಂಟೆಂದು ತೋರಿಸುವ ಹೊಣೆ ನನ್ನಂಥವರದು. ಹಕ್ಕಿ ನೋಡಲು ಹಿನ್ನೀರಿಗೆ ಬರುವ ಗೆಳೆಯರೇ, ಶಾಲೆಯ ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರೇ, ಸದ್ದಿಲ್ಲದ ದೋಣಿಯೊಂದಕ್ಕೆ ನ್ಯಾಯವಾದ ಬಾಡಿಗೆ ಕೊಡಲು ನಾವು ಸಿದ್ಧರಿದ್ದೇವೆಯೆ? ಸಿದ್ಧರಿಲ್ಲವಾದರೆ ಆ ಹುಡುಗನಿಗೆ ಎಂಜಿನ್ ಬೇಡವೆನ್ನುವ ಅಧಿಕಾರ ನಮಗೂ ಇಲ್ಲ.